ಕಾರಿಲ್ಲದವರಿಗೂ ರಜೆ ಇರುತ್ತದೆ, ಕೊನೆ ಬಸ್ಸಿನ ಹೊತ್ತು ಅಚ್ಚು ಮಾಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪ್ರವಾಸ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಫೋಟೋ ಚೆನ್ನಾಗಿರುತ್ತದೆ, ಬರಹವೂ ಚೆನ್ನಾಗಿರುತ್ತದೆ. ಆದರೆ ಕೊನೆಯಲ್ಲಿ 'ಹೋಗುವುದು ಹೇಗೆ?' ಅಂತ ಒಂದು ಪುಟ್ಟ ಬಾಕ್ಸ್ ಇರುತ್ತದಲ್ಲ, ಅಲ್ಲಿಗೆ ಬಂದಾಗ ಸಿಟ್ಟು ಬರುತ್ತದೆ. 'ಶಿವಮೊಗ್ಗದಿಂದ ಇಷ್ಟು ಕಿಲೋಮೀಟರ್, ಸ್ವಂತ ವಾಹನವಿದ್ದರೆ ಅನುಕೂಲ.' ಮುಗಿಯಿತು. ಸ್ವಂತ ವಾಹನವಿದ್ದರೆ ಅನುಕೂಲ ಅಂತ ಹೇಳುವುದಕ್ಕೆ ಪೇಪರ್ ಯಾಕೆ ಬೇಕು, ನಮ್ಮ ಅತ್ತೆಯೂ ಹೇಳುತ್ತಾರೆ.

ನಮ್ಮ ಮನೆಯಲ್ಲಿ ಕಾರಿಲ್ಲ. ಒಂದು ಸ್ಕೂಟರ್ ಇದೆ, ಐದು ಜನ ಇದ್ದೇವೆ. ನಾನು, ಯಜಮಾನರು, ಎಪ್ಪತ್ತು ದಾಟಿದ ಅತ್ತೆ, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ರಜೆ ಬಂತು ಅಂದರೆ ಮಕ್ಕಳು ಕೇಳುವ ಪ್ರಶ್ನೆ ಎಲ್ಲಾ ಮನೆಯಲ್ಲೂ ಒಂದೇ, ಎಲ್ಲಿಗೆ ಹೋಗೋದು? ನಮ್ಮ ಮನೆಯಲ್ಲಿ ಅದರ ಹಿಂದೆಯೇ ಇನ್ನೊಂದು ಬರುತ್ತದೆ, ಯಾವುದರಲ್ಲಿ ಹೋಗೋದು?

ಒಂದು ದಸರಾ ರಜೆಯಲ್ಲಿ ಧೈರ್ಯ ಮಾಡಿ ಕೊಚ್ಚಿಗೆ ಹೋದೆವು. ಕಾರು ಬಾಡಿಗೆಗೂ ಹಿಡಿಯುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ರಾತ್ರಿ ರೈಲು, ಬೆಳಿಗ್ಗೆ ಎರ್ನಾಕುಳಂ. ಮಕ್ಕಳು ಮಲಗಿದ್ದಲ್ಲೇ ಊರು ಬಂದುಬಿಡುತ್ತದೆ, ಒಂದು ರಾತ್ರಿಯ ಲಾಡ್ಜ್ ಖರ್ಚೂ ಉಳಿಯಿತು.

ಅಲ್ಲಿ ನಾವು ಮಾಡಿದ ಒಂದು ಕೆಲಸ ಮಾತ್ರ ಬುದ್ಧಿವಂತಿಕೆಯದು. ನೋಡುವ ಜಾಗಗಳ ಪಟ್ಟಿ ಮಾಡುವ ಮೊದಲು ಉಳಿಯುವ ಜಾಗ ಹುಡುಕಿದೆವು, ಅದೂ ಬೋಟ್ ಜೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ. ಕೊಚ್ಚಿ ನೋಡಿದವರಿಗೆ ಗೊತ್ತಿರುತ್ತದೆ, ರೈಲು ಬರುವ ಎರ್ನಾಕುಳಂ ಹಿನ್ನೀರಿನ ಒಂದು ದಡ, ಜನ ನೋಡಲು ಹೋಗುವ ಫೋರ್ಟ್ ಕೊಚ್ಚಿ, ಮಟ್ಟಂಚೇರಿ ಇನ್ನೊಂದು ದಡ. ಕಾರಿನವರು ಸೇತುವೆಗಳ ಮೇಲೆ ಸುತ್ತು ಹಾಕಿಕೊಂಡು, ಸಿಗ್ನಲ್ಲಿನಲ್ಲಿ ನಿಂತು ಹೋಗಬೇಕು. ಬೋಟಿನವರು ನೆಟ್ಟಗೆ ನೀರು ದಾಟಿದರೆ ಆಯಿತು. ಕೇರಳದ ಜಲಸಾರಿಗೆ ಇಲಾಖೆಯ ಹಳೇ ಬೋಟು ಚಿಲ್ಲರೆ ಕಾಸಿಗೆ ಇಪ್ಪತ್ತು ನಿಮಿಷದಲ್ಲಿ ದಾಟಿಸುತ್ತದೆ. ಅದರಲ್ಲಿ ಆಫೀಸಿಗೆ ಹೋಗುವವರು, ಮೀನಿನ ಬುಟ್ಟಿಯವರು, ಶಾಲೆ ಮಕ್ಕಳು, ನಾವು, ಎಲ್ಲರೂ. ಮಗನಿಗೆ ಅಷ್ಟೇ ಸಾಕಾಗಿತ್ತು, ಆ ದಡಕ್ಕೆ ಹೋಗಿ ಏನೂ ನೋಡದೆ ಅದೇ ಬೋಟಿನಲ್ಲಿ ವಾಪಸ್ ಬರೋಣ ಅಂತ ಹಟ.

2023ರ ಏಪ್ರಿಲ್‌ನಲ್ಲಿ ಅಲ್ಲಿ ವಾಟರ್ ಮೆಟ್ರೋ ಅಂತ ಶುರುವಾಗಿದೆ. ಬ್ಯಾಟರಿಯಲ್ಲಿ ಓಡುವ ಎ.ಸಿ. ಬೋಟು, ಅಲ್ಲಿನ ಹಡಗುಕಟ್ಟೆಯಲ್ಲೇ ಕಟ್ಟಿದ್ದು. ನನಗೆ ಹಿಡಿಸಿದ್ದು ಎ.ಸಿ. ಅಲ್ಲ. ಜೆಟ್ಟಿಯ ಕಟ್ಟೆ ನೀರಿನ ಮೇಲೆ ತೇಲುತ್ತದೆ, ಭರತ ಬಂದಾಗ ಬೋಟಿನ ಜೊತೆ ತಾನೂ ಏರುತ್ತದೆ, ಇಳಿತದಲ್ಲಿ ತಾನೂ ಇಳಿಯುತ್ತದೆ. ಹಾಗಾಗಿ ಬೋಟಿನ ನೆಲ, ಕಟ್ಟೆಯ ನೆಲ ಎರಡೂ ಯಾವಾಗಲೂ ಒಂದೇ ಮಟ್ಟ. ಮಂಡಿನೋವಿನ ನಮ್ಮ ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ನಮ್ಮೂರಿನ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಇರುತ್ತದೆ ಅಂತ ವಯಸ್ಸಾದವರನ್ನು ಹತ್ತಿಸಿದವರಿಗೆಲ್ಲ ಗೊತ್ತು.

ಎಲ್ಲವೂ ಸಲೀಸಾಗಿ ನಡೆಯಿತು ಅಂತೇನೂ ಅಲ್ಲ. ಮಲೆನಾಡಿನವರಾದ ನಮಗೆ ಮಳೆ ಹೊಸದಲ್ಲ, ಆ ಬೆವರು ಹೊಸದು. ಹತ್ತು ಗಂಟೆ ಆಗುವಷ್ಟರಲ್ಲಿ ಬಟ್ಟೆ ಮೈಗೆ ಅಂಟಿ, ಮಕ್ಕಳು ಮೂತಿ ಊದಿಸಿ, ಅತ್ತೆ ಸಿಕ್ಕ ಸಿಕ್ಕ ಕಟ್ಟೆಯ ಮೇಲೆ ಕೂತುಬಿಟ್ಟರು. ಮೊದಲ ದಿನ ನಾಲ್ಕು ಜಾಗ ಅಂದುಕೊಂಡು ಹೊರಟವರು ಎರಡಕ್ಕೇ ಸುಸ್ತು. ಎರಡನೇ ದಿನದಿಂದ ಬೆಳಿಗ್ಗೆ ಏಳೂವರೆಗೆ ಹೊರಡುವುದು, ಹನ್ನೆರಡಕ್ಕೆ ರೂಮಿಗೆ ವಾಪಸ್, ಊಟ, ನಿದ್ದೆ, ನಾಲ್ಕರ ಮೇಲೆ ಮತ್ತೆ ಹೊರಗೆ, ಒಂದು ದಿನಕ್ಕೆ ಒಂದೇ ದಿಕ್ಕು. ಅಕ್ಟೋಬರ್‌ನಲ್ಲಿ ಅಲ್ಲಿ ಹಿಂಗಾರಿನ ಗುಡುಗು ಮಳೆ ಸಂಜೆಗೇ ಬರುತ್ತದೆ, ಅದಕ್ಕೆ ಕೊಡೆ ಇತ್ತು. ಕೊಡೆ ಇಲ್ಲದೆ ಮಲೆನಾಡಿನವರು ಮನೆ ಬಿಡುತ್ತಾರಾ?

ಮಟ್ಟಂಚೇರಿಯಲ್ಲಿ ಯಹೂದಿಗಳ ಹಳೇ ಪ್ರಾರ್ಥನಾ ಮಂದಿರವಿದೆ, 1568ರದು. ಅದನ್ನು ಹುಡುಕಿಕೊಂಡು ಹೋದದ್ದು ಶನಿವಾರ. ಶನಿವಾರ ಅವರ ವಾರದ ಪವಿತ್ರ ದಿನ, ಬಾಗಿಲು ಹಾಕಿತ್ತು. ತಪ್ಪು ನಮ್ಮದೇ, ವಾರದ ರಜೆ ನೋಡಿಕೊಳ್ಳದೆ ಹೋದದ್ದು. ಅತ್ತೆಗೇನೂ ಬೇಜಾರಾಗಲಿಲ್ಲ. ಆ ಬೀದಿಯ ಮಂಡಿಗಳಿಂದ ಕಾಳುಮೆಣಸು, ಶುಂಠಿಯ ಘಮ ಬರುತ್ತಿತ್ತು, ನೇರ ಒಂದು ಅಂಗಡಿಗೆ ನುಗ್ಗಿ ಮೆಣಸಿನ ರೇಟು ವಿಚಾರಿಸಿದರು. ಅಂಗಡಿಯವರ ಕೊಂಕಣಿಗೂ ಅತ್ತೆಯ ಕನ್ನಡಕ್ಕೂ ಹೇಗೋ ಹೊಂದಿಕೆಯಾಯಿತು. 'ನಮ್ಮಲ್ಲೇ ಮೇಲು' ಅಂತ ಹೇಳಿ ಹೊರಗೆ ಬಂದರು.

ಇಷ್ಟು ಯಾಕೆ ಬರೆದೆ ಅಂದರೆ, ಐದು ದಿನದಲ್ಲಿ ಒಂದು ಸಲವೂ ನಾವು 'ಇನ್ನು ವಾಪಸ್ ಹೇಗಪ್ಪಾ' ಅಂತ ಗಾಬರಿಯಾಗಲಿಲ್ಲ. ಹೋದಲ್ಲೆಲ್ಲ ಟಿಕೆಟ್ ಕೊಡುವಾಗಲೇ ಕೊನೆಯ ಬೋಟು ಎಷ್ಟಕ್ಕೆ ಅಂತ ಕೇಳುತ್ತಿದ್ದೆ. ಕೌಂಟರಿನವರು ತಲೆ ಎತ್ತದೆ ಹೇಳುತ್ತಿದ್ದರು, ಹೇಳಿದ ಹೊತ್ತಿಗೆ ಬೋಟು ಇರುತ್ತಿತ್ತು. ಅಷ್ಟಿದ್ದರೆ ಉಳಿದದ್ದನ್ನು ನಾವು ನಿಭಾಯಿಸಿಕೊಳ್ಳುತ್ತೇವೆ.

ಈಗ ನಮ್ಮೂರಿನ ಕಥೆ ಕೇಳಿ.

ನವೆಂಬರ್ ಕೊನೆಯಲ್ಲಿ ನನ್ನ ತಮ್ಮ ಮೈಸೂರಿನಿಂದ ಹೆಂಡತಿ ಮಕ್ಕಳ ಜೊತೆ ಬಂದ. ನಮ್ಮ ಕೊಚ್ಚಿ ಕಥೆ ಕೇಳಿ ಅವನಿಗೂ ಹುಮ್ಮಸ್ಸು, 'ಅಕ್ಕಾ, ನಾವೂ ಕಾರು ಬಿಟ್ಟೇ ಬರ್ತೀವಿ' ಅಂದಿದ್ದ. ಮೈಸೂರಿನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿಸುವ ರೈಲಿದೆಯಲ್ಲ, ಅದರಲ್ಲಿ ಬಂದರು. ರೈಲು ದಾರಿ ಮುಗಿಯುವುದೇ ಅಲ್ಲಿ, ಜೋಗ ಅಲ್ಲಿಂದ ಹತ್ತಿರ. ಬಸ್ಸು ಸಿಕ್ಕಿತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಎಳೆ ಕಂಡವು, ಮಳೆಗಾಲದ ಅಬ್ಬರ ಇರಲಿಲ್ಲ ಅಷ್ಟೆ. ಸಾಗರಕ್ಕೆ ಬಂದು ಊಟ ಮಾಡಿ ಸಂಜೆಗೆ ನಮ್ಮ ಮನೆಯಲ್ಲಿದ್ದರು. ಶಿವಮೊಗ್ಗದಿಂದ ಜೋಗಕ್ಕೆ ಹೋಗಿ ಬರಲು ಟ್ಯಾಕ್ಸಿಗೆ ನಾಲ್ಕು ಸಾವಿರ ಹೇಳಿದ್ದರು. ಅದು ಉಳಿಯಿತು ಅಂತ ತಮ್ಮ ಬೀಗಿದ.

ಮಾರನೇ ದಿನ ಸಕ್ರೆಬೈಲು ಆನೆ ಬಿಡಾರ. ಊರಿಂದ 14 ಕಿಲೋಮೀಟರ್, ತೀರ್ಥಹಳ್ಳಿ ರಸ್ತೆಯಲ್ಲೇ ಇದೆ. ಆನೆಗಳ ಸ್ನಾನ ನೋಡುವುದು ಬೆಳಗಿನ ಹೊತ್ತು ಮಾತ್ರ, ಹನ್ನೊಂದರೊಳಗೆ ಎಲ್ಲ ಮುಗಿದು ಆನೆಗಳು ಕಾಡಿಗೆ ಹೋಗುತ್ತವೆ. ಎಂಟರ ಹೊತ್ತಿಗೆ ಬಸ್ಸು ಹತ್ತಿಸಿದೆ, ಆನೆ ಸಿಕ್ಕಿತು. ಮೂರನೇ ದಿನ ತೀರ್ಥಹಳ್ಳಿಗೆ ಹೋಗಿ ಅಲ್ಲಿಂದ ಕವಲೇದುರ್ಗ. ಕೆಳದಿ ನಾಯಕರ ಕೋಟೆ, ಗದ್ದೆ ಬದಿಯಲ್ಲಿ ನಡೆದು ಹತ್ತಬೇಕು, ಮೇಲೆ ಮೂರು ಸುತ್ತಿನ ಗೋಡೆ, ಕೊಳ, ಗುಡಿ. ನಾನಂತೂ ಆಗುಂಬೆಗಿಂತ ಮೊದಲು ಅದನ್ನೇ ನೋಡಿ ಅಂತ ಹೇಳುವವಳು.

ಹೋಗುವಾಗ ಬಸ್ಸು ಸಿಕ್ಕಿತು. ಸಂಜೆಗೆ ಒಂದು ಬಸ್ಸು ಇದೆ ಅಂತ ಕಂಡಕ್ಟರೇ ಹೇಳಿದ್ದರಂತೆ. ಕೋಟೆ ಇಳಿದು ಬಂದು ಕಾದರು, ಕತ್ತಲಾಗುತ್ತಾ ಬಂತು, ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ಅಲ್ಲಿನ ಅಂಗಡಿಯ ಅಜ್ಜ ನಿಧಾನಕ್ಕೆ ಬಂದು, 'ನೀವು ಬಸ್ಸಿಗೆ ಕಾಯ್ತಿದ್ದೀರಾ? ಅದು ಇವತ್ತು ದಿಬ್ಬಣಕ್ಕೆ ಹೋಗಿದೆ ಮಾರಾಯ್ರೆ' ಅಂದರಂತೆ.

ಮಲೆನಾಡಿನವರು ಇದನ್ನು ಓದಿ ನಗುತ್ತಾರೆ, ನನಗೆ ಗೊತ್ತು. ತುಳಸಿ ಹಬ್ಬ ಮುಗಿದು ಮದುವೆ ಶುರುವಾದರೆ ಹಳ್ಳಿ ಕಡೆಯ ಖಾಸಗಿ ಬಸ್ಸು ಯಾವತ್ತು ದಿಬ್ಬಣಕ್ಕೆ ಹೋಗುತ್ತದೆ ಅಂತ ಊರಿನವರಿಗೆ ಗೊತ್ತಿರುತ್ತದೆ, ಯಾಕೆಂದರೆ ಆ ಮದುವೆಗೆ ಅವರೂ ಹೋಗಿರುತ್ತಾರೆ. ಮೈಸೂರಿನಿಂದ ಬಂದವನಿಗೆ ಹೇಗೆ ಗೊತ್ತಾಗಬೇಕು? ಅದು ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಗೊನೆ ತುಂಬಿದ ಒಂದು ಪಿಕಪ್ ಗಾಡಿ ಸಿಕ್ಕಿತು. ಕೊನೆ ಬಸ್ಸು ತಪ್ಪಿಸಿಕೊಂಡು ಅಡಿಕೆ ಕೊನೆಯ ಮೇಲೆ ಕೂತು ತೀರ್ಥಹಳ್ಳಿಗೆ ಬಂದರು. ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಅದೇ ಖುಷಿ. ನಾದಿನಿ ಮಾತ್ರ ರಾತ್ರಿ ಊಟದವರೆಗೂ ತಮ್ಮನ ಹತ್ತಿರ ಮಾತಾಡಲಿಲ್ಲ. ಮುಂದಿನ ಸಲ ಅವರು ಕಾರಿನಲ್ಲೇ ಬರುತ್ತಾರೆ.

ನಾನು ಖಾಸಗಿ ಬಸ್ಸಿನವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಒಳಊರುಗಳಿಗೆ ಇಷ್ಟು ವರ್ಷ ಜನರನ್ನು ಮುಟ್ಟಿಸಿದ್ದು ಅವರೇ. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಶುರು ಮಾಡಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದಾಗ ನಮ್ಮ ಕಡೆಯವರಿಗೆ ಮನೆಯವರೇ ಹೋದಷ್ಟು ಬೇಜಾರಾಗಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಒಳ್ಳೆಯದೇ, ನಮ್ಮ ಮನೆಯ ಐದು ಜನರಲ್ಲಿ ಮೂವರಿಗೆ ಟಿಕೆಟ್ ಇಲ್ಲ. ಆದರೆ ಸರ್ಕಾರಿ ಬಸ್ಸೇ ಹೋಗದ ಊರಿಗೆ ಆಧಾರ್ ಕಾರ್ಡ್ ಹಿಡಿದು ನಿಂತರೆ ಏನು ಪ್ರಯೋಜನ? ಹೆಚ್ಚು ಬಸ್ಸು ಬಿಡಿ ಅಂತ ಕೇಳುವ ಪತ್ರ ನಿಮಗೆ ದಿನಾ ಬರುತ್ತದೆ, ನಾನೂ ಹಿಂದೆ ಎರಡು ಬರೆದಿದ್ದೇನೆ. ಈ ಸಲ ಕೇಳುತ್ತಿರುವುದು ಅದಕ್ಕಿಂತ ತುಂಬಾ ಸಣ್ಣದು. ಇರುವ ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳಿ, ಅದರಲ್ಲೂ ವಾಪಸ್ ಬರುವ ಕೊನೆಯದು.

ಆಗುಂಬೆಯನ್ನೇ ತೆಗೆದುಕೊಳ್ಳಿ. ಜನ ಹೋಗುವುದೇ ಸೂರ್ಯಾಸ್ತ ನೋಡಲು. ಸೂರ್ಯ ಮುಳುಗಿದ ಮೇಲೆ ತಾನೇ ವಾಪಸ್ ಹೊರಡುವುದು? ನಿಮ್ಮ ಪುಟದಲ್ಲಿ ಆಗುಂಬೆಯ ಬಗ್ಗೆ ಬಂದಾಗಲೆಲ್ಲ ಘಾಟಿಯ ತಿರುವುಗಳ ಲೆಕ್ಕ ಇರುತ್ತದೆ, ಕಾಳಿಂಗ ಸರ್ಪ ಇರುತ್ತದೆ, ಆಮೇಲೆ ತೀರ್ಥಹಳ್ಳಿಗೆ ಬಸ್ಸು ಎಷ್ಟಕ್ಕೆ ಅನ್ನುವುದು ಇರುವುದಿಲ್ಲ. ಘಾಟಿಯಲ್ಲಿ ಓಡುವುದು ಮಿನಿ ಬಸ್ಸು, ರಜೆ ದಿನ ಸೀಟು ಸಿಗುವುದು ಕಷ್ಟ, ಮಕ್ಕಳನ್ನು ಕರೆದುಕೊಂಡು ಉಡುಪಿ ಕಡೆ ಇಳಿಯುವವರು ಬೆಳಿಗ್ಗೆಯೇ ಹೊರಡಿ ಅಂತ ಒಂದು ಸಾಲು ಬರೆದರೆ ಎಷ್ಟೋ ಜನಕ್ಕೆ ಉಪಕಾರ. ಕುಪ್ಪಳಿಗೆ ತೀರ್ಥಹಳ್ಳಿಯಿಂದ ಕೊಪ್ಪದ ಯಾವ ಬಸ್ಸು ಹತ್ತಬೇಕು, ಸಾಗರದಲ್ಲಿ ಇಳಿದು ಇಕ್ಕೇರಿ, ಕೆಳದಿ ಎರಡನ್ನೂ ಒಂದೇ ಆಟೋದಲ್ಲಿ ನೋಡಿ ಬರಬಹುದಾ, ಇಂಥವೆಲ್ಲ ನಿಮ್ಮ ತಾಲ್ಲೂಕು ವರದಿಗಾರರಿಗೆ ಬಾಯಿಪಾಠ ಇರುತ್ತದೆ ಅಲ್ವಾ?

ನಮಗೆ ಇದು ಬರುವುದಿಲ್ಲ ಅಂತೇನೂ ಇಲ್ಲ. 2025ರ ಜುಲೈನಲ್ಲಿ ಸಿಗಂದೂರಿಗೆ ಸೇತುವೆ ಆಗುವವರೆಗೆ ಶರಾವತಿ ಹಿನ್ನೀರನ್ನು ಲಾಂಚ್‌ನಲ್ಲೇ ದಾಟುತ್ತಿದ್ದೆವು. ಕೊನೆಯ ಲಾಂಚ್ ಎಷ್ಟಕ್ಕೆ ಅಂತ ಆಗ ಸಾಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಹೂವಿನ ಅಂಗಡಿಯವರೂ ಕೂಡ. ಅದು ತಪ್ಪಿದರೆ ಆ ದಡದಲ್ಲೇ ರಾತ್ರಿ ಅನ್ನುವ ಭಯ ಇತ್ತಲ್ಲ, ಅದಕ್ಕೆ. ಬಸ್ಸಿನ ವಿಷಯಕ್ಕೆ ಆ ಭಯ ಈಗ ಊರಿನವರಿಗಿಲ್ಲ, ಬಹಳ ಜನರ ಮನೆಯಲ್ಲಿ ಕಾರೋ ಬೈಕೋ ಬಂದಿದೆ. ಉಳಿದಿರುವುದು ನಮ್ಮಂಥವರು ಮತ್ತು ಹೊರಗಿನಿಂದ ಬರುವವರು.

ಜೋಗ, ಆಗುಂಬೆ, ಕವಲೇದುರ್ಗದಂಥ ಕಡೆ ಬಸ್ಸು ನಿಲ್ಲುವಲ್ಲಿ ಒಂದು ತಗಡಿನ ಬೋರ್ಡು ಹಾಕಿ, ವಾಪಸ್ ಬಸ್ಸಿನ ಹೊತ್ತು ಬರೆಸಿದರೆ ಪಂಚಾಯ್ತಿಗೆ ಏನು ಮಹಾ ಖರ್ಚು? ಬಸ್ಸು ದಿಬ್ಬಣಕ್ಕೆ ಹೋದ ದಿನ ಸೀಮೆಸುಣ್ಣದಲ್ಲಿ 'ಇವತ್ತು ಇಲ್ಲ' ಅಂತ ಬರೆದರೆ ಸಾಕು. ಅದಾಗುವವರೆಗೆ ನಿಮ್ಮ ಪುಟದ ಬಾಕ್ಸಿನಲ್ಲಿ ಎರಡು ಸಾಲು ಕೊಡಿ, ಬೇಕಾದರೆ ಫೋಟೋ ಸ್ವಲ್ಪ ಚಿಕ್ಕದು ಮಾಡಿ.

ತಮ್ಮ ಹೋದ ಮೇಲೆ ಸುಮ್ನೆ ಕೂರಲಾಗದೆ, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ತೀರ್ಥಹಳ್ಳಿ, ಸಾಗರ ಕಡೆಯ ಬಸ್ಸುಗಳ ಹೊತ್ತನ್ನು ಬಸ್ ಸ್ಟ್ಯಾಂಡಿನಲ್ಲಿ ಕೇಳಿ ಕೇಳಿ ಬರೆದಿಟ್ಟಿದ್ದೇನೆ. ಹನ್ನೊಂದು ಪುಟ ಆಗಿದೆ. ನಿಮಗೆ ಬೇಕಿದ್ದರೆ ಕಳಿಸುತ್ತೇನೆ. ಆದರೆ ಪೂರ್ತಿ ನಂಬಬಹುದಾದದ್ದು ಧನುರ್ಮಾಸದಲ್ಲಿ ಮಾತ್ರ, ಆಗ ಮದುವೆ ಇರುವುದಿಲ್ಲ.

ಇತಿ,
ನಿಮ್ಮ ಓದುಗಿ
ವಿನೋಬನಗರ, ಶಿವಮೊಗ್ಗ