ಗ್ರಹಗಳ ಮತ್ತು ಚಂದ್ರಗಳ ತಿರುಗುವಿಕೆ ಕುರಿತು

ಚಿತ್ರದುರ್ಗದ ಆಕಾಶ ವೀಕ್ಷಣೆ ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ತನ್ನ ಅಕ್ಷದ ಸುತ್ತ ಗ್ರಹ ಬೇಗ ತಿರುಗುತ್ತದೆಯೋ, ಅದರ ಚಂದ್ರ ಬೇಗ ತಿರುಗುತ್ತದೆಯೋ ಎಂದು ಭಾನುವಾರ ಮಾಳಿಗೆಯ ಮೇಲೆ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ಅಂದು ಪೂರ್ತಿ ಉತ್ತರ ಕೊಡಲಾಗಲಿಲ್ಲ.

ಭೂಮಿ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗುವುದರಿಂದ, ಅಲುಗಾಡದಂತೆ ಕಾಣುವ ನಮ್ಮ ಕೋಟೆಯ ಬಂಡೆಗಳೂ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿವೆ. ಚಂದ್ರನಿಗೆ ಒಂದು ಸುತ್ತಿಗೆ 27.3 ದಿನ ಬೇಕು. ಅದರ ಸಮಭಾಜಕದ ವೇಗ ಗಂಟೆಗೆ ಸುಮಾರು 17 ಕಿ.ಮೀ., ಅಂದರೆ ಸೈಕಲ್ಲಿನ ವೇಗ. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ನಮ್ಮ ಬಲಭುಜ ಸದಾ ಗರ್ಭಗುಡಿಯ ಕಡೆಗೇ ಇದ್ದು, ಒಂದು ಸುತ್ತು ಮುಗಿಯುವಷ್ಟರಲ್ಲಿ ನಾವೂ ಒಮ್ಮೆ ತಿರುಗಿರುತ್ತೇವಲ್ಲವೇ, ಚಂದ್ರನೂ ಹಾಗೆಯೇ ಒಂದೇ ಮುಖವನ್ನು ನಮಗೆ ತೋರುತ್ತಾನೆ. ಭೂಮಿಯ ಗುರುತ್ವದ ಎಳೆತವೇ ಅವನ ತಿರುಗುವಿಕೆಯನ್ನು ಕಾಲಕ್ರಮದಲ್ಲಿ ಹೀಗೆ ಕಟ್ಟಿಹಾಕಿದೆ.

ಗುರುವು 10 ಗಂಟೆಯೊಳಗೆ ತಿರುಗಿದರೆ, ಅದರ ಚಂದ್ರ ಅಯೋಗೆ ಸುಮಾರು 42 ಗಂಟೆ ಬೇಕು. ಆ ರಭಸಕ್ಕೆ ಗುರುವಿನ ನಡು ಉಬ್ಬಿರುವುದನ್ನು ದೂರದರ್ಶಕದಲ್ಲಿ ತಾಳ್ಮೆಯಿಂದ ನೋಡಿದರೆ ನೀವೇ ಗುರುತಿಸಬಹುದು.

ಆದರೆ ಮಂಗಳನದು ತಿರುವುಮುರುವು. ಅದಕ್ಕೆ 24 ಗಂಟೆ 37 ನಿಮಿಷ ಬೇಕಾದರೆ, ಅದರ ಪುಟ್ಟ ಚಂದ್ರ ಫೋಬೋಸ್ 7 ಗಂಟೆ 39 ನಿಮಿಷದಲ್ಲೇ ತಿರುಗಿಬಿಡುತ್ತದೆ. ಕುಬ್ಜಗ್ರಹ ಪ್ಲೂಟೊ ಮತ್ತು ಅದರ ಚಂದ್ರ ಶಾರನ್ ಎರಡೂ 6.4 ದಿನಕ್ಕೊಮ್ಮೆ ತಿರುಗುತ್ತಾ ಪರಸ್ಪರ ಒಂದೇ ಮುಖ ತೋರುತ್ತಿರುತ್ತವೆ.

ಮುಂದಿನ ಭಾನುವಾರ ಬರುವವರು ಒಂದು ಚೆಂಡು ಮತ್ತು ಟಾರ್ಚ್ ತರಬೇಕೆಂದು ಕೋರುತ್ತೇನೆ. ಇದನ್ನೆಲ್ಲ ಮಕ್ಕಳಿಗೆ ಮಾಡಿಯೇ ತೋರಿಸೋಣ.