ಎಂಡೋಸ್ಕೋಪಿ ರೂಮಿನ ಅಕ್ಕನಿಗೆ

ಹುಡುಗ ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾನೆ. ಅವನ ದೊಡ್ಡ ಕರುಳು ತೆಗೆದ ಆಪರೇಷನ್ ಯಾಕಾಯಿತು, ಎಷ್ಟು ಸಲವಾಯಿತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಸಕಲೇಶಪುರದಿಂದ ಹಾಸನಕ್ಕೆ ಮಳೆಯಲ್ಲೇ ಕರೆತಂದ ಆಂಬುಲೆನ್ಸ್ ಚಾಲಕರು, ಶಿರಾಡಿ ಘಾಟ್ ರಸ್ತೆ ಬಂದ್ ಆದ ರಾತ್ರಿ ಮಂಗಳೂರಿನಿಂದ ಫೋನಿನಲ್ಲೇ ಏನು ಮಾಡಬೇಕೆಂದು ಹೇಳಿದ ಸರ್ಜನ್ ಸರ್, ಕಾಫಿ ಕೊಟ್ಟ ಕ್ಯಾಂಟೀನಿನವರು, ಎಲ್ಲರಿಗೂ ವಂದನೆ.

ಉಳಿದ ಮಾತೆಲ್ಲ ಸಿಸ್ಟರ್ ಅಕ್ಕನಿಗೆ. ಆ ರಾತ್ರಿ ಡ್ಯೂಟಿ ಎಂಟಕ್ಕೇ ಮುಗಿದಿತ್ತು, ಅಕ್ಕ ಮನೆಗೆ ಹೋಗಲಿಲ್ಲ.

ಸಣ್ಣ ಕರುಳಿನ ಕೊನೆಯ 30-40 ಸೆಂ.ಮೀ. ಮಡಚಿ ಮಾಡಿದ, ಮಲ ಸೇರುವ ಒಳಚೀಲ ಜೆ-ಪೌಚ್. ಅದು ಖಾಲಿಯಾಗದೆ ಉಬ್ಬಿದರೆ ಮೊದಲ ಅನುಮಾನ ಗುದದ್ವಾರದ ಬಳಿಯ ಕೆಳಗಿನ ಜೋಡಣೆಯ ಮೇಲೆ. ಗಾಯ ಮಾಯುತ್ತ ಅಲ್ಲಿ ಉಂಗುರದಂತೆ ಬಿಗಿಯುತ್ತದೆ. ಅದಕ್ಕೇ ಬೆರಳಿಟ್ಟು ನೋಡದೆ ಸ್ಕೋಪ್ (ಕ್ಯಾಮೆರಾ ಇರುವ ಕೊಳವೆ) ತಳ್ಳುವಂತಿಲ್ಲ. ಅವತ್ತು ಬೆರಳ ತುದಿಯೂ ಹೋಗಲಿಲ್ಲ. ಮೆತ್ತನೆಯ ಕ್ಯಾಥೆಟರ್ ಟ್ಯೂಬ್ ಮಾತ್ರ ನುಸುಳಿತು. 30 ಮಿ.ಲೀ. ಬೆಚ್ಚನೆಯ ಸಲೈನ್ ಬಿಡುವುದು, ಬಂದದ್ದನ್ನು ಅಳೆಯುವುದು, ಟ್ಯೂಬ್ ಕಟ್ಟಿಕೊಂಡರೆ ಮತ್ತೆ ಸಿರಿಂಜ್ ಹಿಡಿಯುವುದು. ಬೆಳಗಿನವರೆಗೂ ಅಕ್ಕನದು ಇದೇ ಕೆಲಸ.

ಎರಡು ಗಂಟೆ ಹೊತ್ತಿಗೆ ಹುಡುಗ ಕೇಳಿದ: “ಮತ್ತೆ ಹೊಟ್ಟೆ ಮೇಲೆ ಚೀಲ ಹಾಕ್ತಾರಾ ಅಕ್ಕ?” ಯಾರೂ ಬಾಯಿಬಿಡಲಿಲ್ಲ. ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲಕ್ಕೆ ಚೀಲ ಹಾಕಬೇಕಾಗಿ ಬರಬಹುದಿತ್ತು. ಅಕ್ಕ ಸುಳ್ಳು ಹೇಳಲಿಲ್ಲ. “ಈಗ ಟ್ಯೂಬಲ್ಲಿ ಬರ್ತಿದೆ ಕಣಪ್ಪ, ನೋಡು,” ಅಂತ ಬ್ಯಾಗ್ ಎತ್ತಿ ತೋರಿಸಿದರು.

ರಾತ್ರಿಯೆಲ್ಲ ತೊಳೆದಿದ್ದರಿಂದ ಬೆಳಿಗ್ಗೆ ಎನಿಮಾ ಬೇಕಾಗಲಿಲ್ಲ. ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪ್ ಬದಿಗಿಟ್ಟು, ಜಠರ ನೋಡುವ ತೆಳ್ಳನೆಯ ಸ್ಕೋಪನ್ನು ಡಾಕ್ಟರು ಕೇಳುವ ಮೊದಲೇ ಅಕ್ಕ ಸಿದ್ಧಮಾಡಿದ್ದರು. ಒಳಗೆ ಕಾಣುವಂತೆ ಹಿಗ್ಗಿಸಲು ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್. ಅದು ಬೇಗ ಹೀರಿಹೋಗುತ್ತದೆ, ಉಬ್ಬರ ಕಡಿಮೆ. ಬಿಗಿದ ಜಾಗದಲ್ಲಿ ಬಲೂನ್ 12, 13.5, 15 ಮಿ.ಮೀ. ಅಂತ ಹಿಗ್ಗಿದ ಮೇಲೆ ದಾರಿ ಬಿಟ್ಟುಕೊಂಡಿತು. ಪೌಚಿನ ಮೇಲ್ತುದಿಯಲ್ಲಿ ಗೂಬೆಗಣ್ಣಿನಂತೆ ಎರಡು ಬಾಯಿ. ಒಂದು ಮೇಲಿನ ಕರುಳಿಗೆ, ಇನ್ನೊಂದು ಜೆ ತುದಿಯ ಕುರುಡು ಗಲ್ಲಿ. ಆ ಗಲ್ಲಿಯಲ್ಲಿ ಒತ್ತಿದರೆ ಕರುಳು ಹರಿದುಹೋಗುವ ಭಯ.

ಬಯಾಪ್ಸಿಗೆ ಎರಡು ಬಾಟಲಿ: ಪೌಚಿನದು ಬೇರೆ, ಅದರ ಮೇಲಿನ ಕರುಳಿನದು ಬೇರೆ. ತುಣುಕು ತೆಗೆಯುವ ಫೋರ್ಸೆಪ್ಸ್ (ಚಿಮಟ) ಕರುಳನ್ನು ಪಿನ್ನಿನಿಂದ ಜೋಡಿಸಿದ ಸ್ಟೇಪಲ್ ಸಾಲಿನ ಹತ್ತಿರ ಹೋದಾಗ ಅಕ್ಕ ಮೆಲ್ಲಗೆ, “ಸರ್, ಪಿನ್ ಕಾಣ್ತಿದೆ,” ಅಂದರು. ಪಿನ್ನಿನ ಸುತ್ತ ಹುಟ್ಟುವ ಗ್ರಾನುಲೋಮಾವನ್ನು (ಉರಿಯೂತದ ಸಣ್ಣ ಗಂಟನ್ನು) ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಅಂತ ಓದಿಬಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ನಿದ್ದೆಗೆಟ್ಟ ಕಣ್ಣಿಗೆ ಅದು ಕಂಡಿತಲ್ಲ!

ಹುಡುಗನ ಕಾರ್ಡಿನಲ್ಲಿ ಮುಂದಿನ ತಾರೀಖಿನ ಪಕ್ಕ ಅಕ್ಕನ ಕೈಬರಹ ಇದೆ: “ಎನಿಮಾ 2. ತೆಳ್ಳಗಿನ ಸ್ಕೋಪ್. ಬಲೂನ್ ಟೇಬಲ್ ಮೇಲಿರಲಿ.”