ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ದವಡೆಯ ಎಕ್ಸ್‌ರೇ ತೆಗೆಯುವುದನ್ನು ಕಲಿಸಿಕೊಡಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ಅಡಿಕೆ ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಹಲ್ಲಿನ ಡಾಕ್ಟರು. ಗುಟ್ಕಾ, ಅಡಿಕೆ ಜಗಿದು ಜಗಿದು ಬಾಯಿ ಬಿಗಿದುಕೊಂಡವರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ. ಕೆಲವರ ಬಾಯಿಗೆ ಎರಡು ಬೆರಳೂ ತೂರುವುದಿಲ್ಲ. ಹಲ್ಲಿನ ಮಾಮೂಲಿ ಎಕ್ಸ್‌ರೇಗೆ ಫಿಲ್ಮನ್ನೋ ಸೆನ್ಸರನ್ನೋ ಬಾಯೊಳಗೆ ಇಡಬೇಕು. ಇವರಿಗೆ ಎಲ್ಲಿ ಇಡೋದು? ದವಡೆ ಮುರಿದುಕೊಂಡು ಬಂದವರ ಪಾಡೂ ಅದೇ. ಒಳಗೆ ಇಟ್ಟರೂ ಆ ಫಿಲ್ಮಿನ ಉದ್ದ ಸುಮಾರು 4 ಸೆಂಟಿಮೀಟರ್. ಮೂರ್ನಾಲ್ಕು ಹಲ್ಲು ಕಂಡರೆ ಹೆಚ್ಚು. ಬೈಕಿನಿಂದ ಗದ್ದ ಊರಿ ಬಿದ್ದವರಿಗೆ ಗಾಯ ಗದ್ದದಲ್ಲಿರುತ್ತದೆ, ಮೂಳೆ ಮಾತ್ರ ಕಿವಿಯ ಮುಂದಿನ ಕೀಲಿನ ಹತ್ತಿರ ಮುರಿದಿರುತ್ತದೆ. ಎಷ್ಟೋ ಸಲ ಎರಡೂ ಕಡೆ. ಇಂಥದ್ದನ್ನು ನೋಡಲು ಫಿಲ್ಮು ಬಾಯಿಯ ಹೊರಗಿರಬೇಕು, ರೋಗಿಯ ತಲೆ ಸರಿಯಾದ ಕೋನದಲ್ಲಿರಬೇಕು. ತಲೆಯನ್ನು ಹೀಗೆ ಇರಿಸುವ ಕೆಲಸವನ್ನು ಸರ್ಕಾರಿ ಆಸ್ಪತ್ರೆಗಳ ಎಕ್ಸ್‌ರೇ ಟೆಕ್ನಿಷಿಯನ್‌ಗಳಿಗೆ ಕೈಹಿಡಿದು ಕಲಿಸಿಕೊಡಿ ಎಂದು ಕೇಳಲು ಈ ಪತ್ರ.

ಕಳೆದ ಕೊಯ್ಲಿನಲ್ಲಿ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರೊಬ್ಬರು ಜಾರಿ ಬಿದ್ದರು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಸಿಕೊಂಡು ನನ್ನ ಹತ್ತಿರ ಬಂದರು. ತಲೆಯನ್ನು ನೇರವಾಗಿ ಪಕ್ಕದಿಂದ ತೆಗೆದಿದ್ದರು. ಹಾಗೆ ತೆಗೆದಾಗ ಎಡ ಬಲ ದವಡೆಗಳು ಒಂದರ ಮೇಲೊಂದು ಬೀಳುತ್ತವೆ, ಯಾವುದು ಮುರಿದಿದೆ ಗೊತ್ತಾಗುವುದಿಲ್ಲ. ಅವರು ಮತ್ತೆ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಯಿತು. ಊದಿದ ಮುಖ, ಗಂಜಿ ಕುಡಿಯಲೂ ಕಷ್ಟ, ಜೊತೆಗೆ ಎರಡು ದಿನದ ಕೂಲಿ ಹೋಯಿತು.

ನನಗೆ ಬೇಸರವಾಗೋದು ಇಲ್ಲೇ. ಅದೇ ಆಸ್ಪತ್ರೆಯ ಅದೇ ಯಂತ್ರದಲ್ಲಿ ಸರಿಯಾದ ಚಿತ್ರ ತೆಗೆಯಬಹುದಿತ್ತು. ಕ್ಯಾಸೆಟ್ಟನ್ನು, ಅಂದರೆ ಫಿಲ್ಮು ಇರುವ ಚಪ್ಪಟೆ ಪೆಟ್ಟಿಗೆಯನ್ನು, ಪೆಟ್ಟಾದ ಕಡೆಯ ಕೆನ್ನೆಗೆ ಒತ್ತಿ ಹಿಡಿಸಬೇಕು. ತಲೆಯನ್ನು ಅದೇ ಕಡೆಗೆ ವಾಲಿಸಿ ಗದ್ದ ಮುಂದಕ್ಕೆ ಚಾಚಿಸಬೇಕು. ಕಿರಣವನ್ನು ಎದುರು ಕಡೆಯ ದವಡೆಯ ಕೆಳಗಿನಿಂದ ಹಾಯಿಸಬೇಕು. ಆಗ ಎದುರಿನ ದವಡೆ ದಾರಿಯಿಂದ ಸರಿದು, ಬೇಕಾದ ಕಡೆಯದ್ದು ಒಂದೇ ಬಿಡಿಸಿ ಕಾಣುತ್ತದೆ. ಇದಕ್ಕೆ ಲ್ಯಾಟರಲ್ ಆಬ್ಲಿಕ್ ಅನ್ನುತ್ತಾರೆ. ಮುರಿದ ಮೂಳೆ ಯಾವ ಕಡೆ ಜರುಗಿದೆ ಅಂತ ತಿಳಿಯಲು ಹಣೆ, ಮೂಗನ್ನು ಕ್ಯಾಸೆಟ್ಟಿಗೆ ತಾಗಿಸಿ ಹಿಂದಿನಿಂದ ಇನ್ನೊಂದು ಚಿತ್ರ ಬೇಕು. ಕೀಲಿನ ಭಾಗಕ್ಕೆ ಬಾಯಿ ತೆರೆಸಿ ತೆಗೆಯುವ ರಿವರ್ಸ್ ಟೌನ್ಸ್, ಕೆನ್ನೆ ಮೂಳೆಗೆ ಗದ್ದ ಎತ್ತಿಸಿ ತೆಗೆಯುವ ವಾಟರ್ಸ್ ವ್ಯೂ. ಯಾವುದಕ್ಕೂ ಹೊಸ ಯಂತ್ರ ಬೇಡ. ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಮರದಿಂದ, ಬೈಕಿನಿಂದ ಬಿದ್ದವರ ಕುತ್ತಿಗೆಗೆ ಪೆಟ್ಟಾಗಿಲ್ಲ ಅಂತ ಡಾಕ್ಟರು ನೋಡಿ ಹೇಳುವ ತನಕ ತಲೆ ವಾಲಿಸಲೇಬಾರದು. ಇದನ್ನು ಎಲ್ಲಕ್ಕಿಂತ ಮೊದಲು ಕಲಿಸಬೇಕು.

ಇನ್ನು ಓಪಿಜಿ. ಮುಖದ ಸುತ್ತ ತಿರುಗಿ ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಯಂತ್ರ. ಫಿನ್ಲೆಂಡಿನ ಪಾಟೆರೊ ರೂಪಿಸಿದ ಈ ವಿಧಾನ 1960ರ ದಶಕದಿಂದ ಬಳಕೆಯಲ್ಲಿದೆ. ನಮ್ಮ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ಇನ್ನೂ ಇಲ್ಲ. ಕೊಟ್ಟರೆ ಸಂತೋಷ. ಆದರೆ ಯಂತ್ರದ ಜೊತೆ ಅದನ್ನು ಬಳಸಬಲ್ಲ ಕೈಯೂ ಬರಬೇಕು, ಅಲ್ವಾ?

ಯಾಕೆಂದರೆ ಓಪಿಜಿ ಸ್ಪಷ್ಟವಾಗಿ ತೋರಿಸುವುದು ಒಂದು ತೆಳುವಾದ ಪಟ್ಟಿಯಷ್ಟು ಜಾಗವನ್ನು ಮಾತ್ರ. ಹಲ್ಲಿನ ಸಾಲು ಅದರೊಳಗೆ ಕೂರಬೇಕು. ರೋಗಿ ಸ್ವಲ್ಪ ಮುಂದೆ ನಿಂತರೆ ಮುಂದಿನ ಹಲ್ಲು ಸಣಕಲಾಗುತ್ತವೆ, ಹಿಂದೆ ನಿಂತರೆ ದಪ್ಪವಾಗುತ್ತವೆ. ಗದ್ದ ಜಾಸ್ತಿ ತಗ್ಗಿದರೆ ಹಲ್ಲಿನ ಸಾಲು ವಿಪರೀತ ನಕ್ಕಂತೆ ಬಾಗುತ್ತದೆ, ಎತ್ತಿದರೆ ಮೇಲಿನ ಹಲ್ಲುಗಳ ಬೇರಿನ ಮೇಲೆ ಅಂಗುಳದ ನೆರಳು ಬೀಳುತ್ತದೆ. ಕುತ್ತಿಗೆ ಕುಗ್ಗಿಸಿದರೆ ಬೆನ್ನುಮೂಳೆಯ ಬಿಳಿ ನೆರಳು ನಟ್ಟನಡುವೆ ಬಂದು ಕೂರುತ್ತದೆ. ಓಲೆ ತೆಗೆಸದಿದ್ದರೆ ಅದರ ಮಸುಕು ಬಿಂಬ ಎದುರು ಕಡೆ, ಇನ್ನೂ ಮೇಲೆ, ಇನ್ನೂ ದೊಡ್ಡದಾಗಿ ಮೂಡುತ್ತದೆ. ಮೂಗುತಿ, ಸರ, ಹೇರ್‌ಪಿನ್, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಎಲ್ಲವೂ ತೆಗೆದಿಡಬೇಕು. ಕುತ್ತಿಗೆಗೆ ಕಿರಣ ತಾಗದಂತೆ ಕಟ್ಟುವ ಥೈರಾಯ್ಡ್ ಕಾಲರ್ ಹಾಕಿದರೆ ಒಳ್ಳೆಯದು ಅಂತ ಅನ್ನಿಸುತ್ತದೆ. ಓಪಿಜಿಯಲ್ಲಿ ಮಾತ್ರ ಅದು ಕಿರಣಕ್ಕೆ ಅಡ್ಡ ಬಂದು ಚಿತ್ರವನ್ನೇ ಕೆಡಿಸುತ್ತದೆ.

ನಾಲಿಗೆಯ ವಿಷಯ ಬೇರೆಯೇ ಹೇಳಬೇಕು. ಅದನ್ನು ಅಂಗುಳಕ್ಕೆ ಅಂಟಿಸಿ ಹಿಡಿಯದಿದ್ದರೆ ನಡುವಿನ ಗಾಳಿ ಕಪ್ಪಗೆ ಮೂಡಿ ಮೇಲಿನ ಹಲ್ಲಿನ ಬೇರುಗಳು ಮುಚ್ಚಿಹೋಗುತ್ತವೆ. ಅವಸರದಲ್ಲಿ ಬರೀ ‘ಅಲ್ಲಾಡಬೇಡಿ’ ಅಂದುಬಿಟ್ಟರೆ ರೋಗಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ‘ಉಗುಳು ನುಂಗಿ, ನಾಲಿಗೆಯನ್ನು ಹಾಗೇ ಮೇಲಕ್ಕೆ ಅಂಟಿಸಿಡಿ, ತುಟಿ ಮುಚ್ಚಿ, ಯಂತ್ರ ನಿಮ್ಮ ಸುತ್ತ ತಿರುಗುತ್ತದೆ, ಹೆದರಬೇಡಿ’ ಅಂತ ಮೊದಲೇ ಹೇಳಿ, ಒಂದು ಸಲ ಮಾಡಿಸಿ ನೋಡಿದರೆ ಹೆಚ್ಚಿನವರು ಸರಿಯಾಗಿ ಮಾಡುತ್ತಾರೆ. ಅಜ್ಜಿಯರು, ಮಕ್ಕಳು ಕೂಡ.

ಒಂದು ಓಪಿಜಿಯ ವಿಕಿರಣ ಕಡಿಮೆಯೇ. ಪ್ರಕೃತಿಯಿಂದ ಕೆಲವು ದಿನಗಳಲ್ಲಿ ನಮಗೆ ಬರುವಷ್ಟು. ಹಾಗಂತ ಕೆಟ್ಟುಹೋದ ಚಿತ್ರಕ್ಕಾಗಿ ಮಗುವನ್ನು ಸುಮ್ನೆ ಎರಡನೇ ಸಲ ನಿಲ್ಲಿಸುವುದನ್ನು ಒಪ್ಪಲಾಗದು.

ಕಲಿಸುವವರನ್ನು ಹೊರಗಿನಿಂದ ತರಬೇಕಿಲ್ಲ. ಬೆಂಗಳೂರಿನಲ್ಲಿ, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. ಖಾಸಗಿ ಕಾಲೇಜುಗಳೂ ಸಾಕಷ್ಟಿವೆ. ಈ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ ವಿಭಾಗವಿದೆ, ಇದೇ ಕೆಲಸವನ್ನು ದಿನಾ ಕಲಿಸುವ ಮೇಷ್ಟ್ರುಗಳಿದ್ದಾರೆ. ತಾಲ್ಲೂಕು ಆಸ್ಪತ್ರೆಯ ಟೆಕ್ನಿಷಿಯನ್ ಮತ್ತು ದಂತ ವೈದ್ಯಾಧಿಕಾರಿ ಇಬ್ಬರನ್ನೂ ಒಟ್ಟಿಗೆ ಒಂದು ವಾರ ಅಲ್ಲಿಗೆ ಕಳಿಸಿ. ಒಟ್ಟಿಗೇ ಯಾಕೆಂದರೆ, ಯಾವ ಚಿತ್ರ ಬೇಕು ಅಂತ ಬರೆಯುವವರಿಗೂ ತೆಗೆಯುವವರಿಗೂ ಮಾತು ಕೂಡದಿದ್ದರೆ ಕೊನೆಗಾರರಿಗೆ ಆದದ್ದೇ ಆಗುತ್ತದೆ. ಬರೀ ಪವರ್‌ಪಾಯಿಂಟ್ ತೋರಿಸಿ ಸರ್ಟಿಫಿಕೇಟ್ ಕೊಡುವ ತರಬೇತಿ ಬೇಡ. ತಲೆಬುರುಡೆಯ ಮಾದರಿ ಇಟ್ಟುಕೊಂಡು ಅವರ ಕೈಯಲ್ಲೇ ಮಾಡಿಸಬೇಕು.

ಓಪಿಜಿ ಖರೀದಿಯ ಟೆಂಡರ್‌ನಲ್ಲೇ ಸಿಬ್ಬಂದಿ ತರಬೇತಿಯನ್ನು ಷರತ್ತಾಗಿ ಸೇರಿಸಿ. ಗಾಲಿಕುರ್ಚಿಯಲ್ಲಿ ಕೂತವರಿಗೂ ಆಗುವಷ್ಟು ಕೆಳಗಿಳಿಯುವ ಯಂತ್ರವನ್ನೇ ಕೊಳ್ಳಿ. ಪ್ರತಿ ಎಕ್ಸ್‌ರೇ ಕೋಣೆಯ ಗೋಡೆಯ ಮೇಲೆ ರೋಗಿಗೆ ಹೇಳಬೇಕಾದ ಮಾತುಗಳು ಕನ್ನಡದಲ್ಲಿ, ಚಿತ್ರದ ಸಮೇತ ಇರಲಿ. ಎಷ್ಟು ಎಕ್ಸ್‌ರೇಗಳನ್ನು, ಯಾಕೆ ಮತ್ತೆ ತೆಗೆಯಬೇಕಾಯಿತು ಅಂತ ತಿಂಗಳಿಗೊಮ್ಮೆ ಬರೆದಿಡಲಿ. ಆ ಲೆಕ್ಕ ಟೆಕ್ನಿಷಿಯನ್‌ಗಳನ್ನು ಶಿಕ್ಷಿಸಲಿಕ್ಕಲ್ಲ, ಇನ್ನೂ ಏನು ಕಲಿಸಬೇಕು ಎಂದು ತಿಳಿಯಲಿಕ್ಕೆ. ಒಬ್ಬರೇ ಇಡೀ ಆಸ್ಪತ್ರೆಯ ಎಕ್ಸ್‌ರೇ ತೆಗೆಯುವ ಕಡೆ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅಂಥ ಕಡೆ ಇನ್ನೊಂದು ಹುದ್ದೆ ತುಂಬಿಕೊಡಿ.

ಮುಂದಿನ ಅಡಿಕೆ ಕೊಯ್ಲು ಶುರುವಾಗುವ ಮೊದಲು ಒಂದೇ ಒಂದು ಜಿಲ್ಲೆಯಲ್ಲಾದರೂ ಈ ತರಬೇತಿ ನಡೆಯಲಿ. ನಮ್ಮ ಜಿಲ್ಲೆಯಲ್ಲಿ ಮಾಡುವುದಾದರೆ ಸಂಬಳವಿಲ್ಲದೆ ಬಂದು ಕೈಜೋಡಿಸಲು ನಾನು ತಯಾರಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಅಡಿಕೆ ಸೀಮೆಯ ಒಬ್ಬ ದಂತವೈದ್ಯ